ಮಾಸ್ತರ ಹೆಸರಿನ ಸರ್ಟಿಫಿಕೇಟು

ಅಲ್ಲ ಮೇಡಂ, ಶನಿವಾರ ಅಂದ್ರೆ ಈ ಬರೂ ಶನಿವಾರವೇನಾ? ನೂರು ಜನ ಮಾಸ್ತರು, ಅಕ್ಕೋರು ಕೂತಿರ್ತಾರೆ, ಅವರೆದುರು ನಮ್ಮನೆಯವರು ಟ್ಯಾಬ್ ಹಿಡ್ಕಂಡು ಪಾಠ ಮಾಡಿ ತೋರಿಸ್ಬೇಕು? ಅಯ್ಯೋ ದೇವ್ರೇ! ಕೂತ್ಕಳಿ, ಕೂತ್ಕಳಿ, ನಿಮ್ಮನ್ನ ನಿಲ್ಲಿಸ್ಕಂಡೇ ಮಾತಾಡ್ತಾ ಇದ್ದೆ... ಆ ಕುರ್ಚಿ ಬೇಡ, ಅದ್ರದ್ದು ಒಂದು ಕಾಲು ಅಲ್ಲಾಡ್ತದೆ. ಹಾಂ, ಇದ್ರಲ್ಲಿ. ಆಸರಿಗೆ ಕುಡಿಯೂಕೆ ಎಂತ ಕೊಡ್ಲಿ? ಮುರುಗಲ ಹಣ್ಣಿನ ಪಾನಕ ಉಂಟು. ಬೇಡ ಅನ್ಬೇಡಿ, ಸಿದ್ದಾಪುರದಿಂದ ಬಿಳಗಿವರೆಗೆ ಸ್ಕೂಟಿ ಮೇಲೆ ಬಂದೀರಿ, ಮುಖ ಎಲ್ಲ ಕೆಂಪಾಗಿದೆ.

ಹೌದು, ಪ್ರಮೋದ ಮಾಸ್ತರ ಮನೆ ಇದೇ. ನಾನು ಅವರ ಹೆಂಡ್ತಿ, ಪರಿಮಳಾ. ನಿಮ್ಮ ಹೆಸರು ಎಂತ ಅಂದ್ರಿ? ಅಭಿಜ್ಞಾ... ಚಂದ ಹೆಸರು. ಮಾಸ್ತರು ಮನೆಲಿಲ್ಲ ನೋಡಿ. ನಿನ್ನೆ ತಾಳಮದ್ದಳೆಗೆ ಅರ್ಥ ಹೇಳೂಕೆ ಹೋದವರು, ಹನ್ನೆರಡರ ಬಸ್ಸಿಗೆ ಬರ್ತಾರೆ. ಅಷ್ಟು ಹೊತ್ತು ನೀವು ಕಾಯೂದೆಂತಕ್ಕೆ? ನಿಮಗೂ ನೂರು ಕೆಲಸ ಇರ್ತದೆ. ಮತ್ತೆ ಇವತ್ತು ಭಾನುವಾರ ಬೇರೆ!

ಟ್ಯಾಬಿನ ತರಬೇತಿಲಿ ಇವರು ತಾಲ್ಲೂಕಿಗೇ ಫಸ್ಟಾ! ಕೊನೆ ಪರೀಕ್ಷೆಲಿ ಐವತ್ತಕ್ಕೆ ನಲ್ವತ್ತೊಂಬತ್ತು ಅಂದ್ರೆ ಸಣ್ಣ ಮಾತಾ... ಎಂತ? ಮಾರ್ಕು ನೀವಿನ್ನೂ ಹೇಳ್ಲೇ ಇಲ್ವಾ? ಹೌದಾ? ಹಾಗಾದ್ರೆ ನನಗೆಲ್ಲೋ ಕೇಳಿದಂಗಾಯ್ತು. ಬಿಡಿ, ಪಾನಕ ಕುಡೀರಿ. ಬೆಲ್ಲ ಸಾಕಾ?

ಹೆಮ್ಮೆ ಇಲ್ಲ ಅಂತಲ್ಲ ಮೇಡಂ. ಖಂಡಿತ ಉಂಟು. ಆದ್ರೆ ಶನಿವಾರ ಮಾತ್ರ ಅವರ ಹತ್ರ ಆಗೂದಿಲ್ಲ. ಗಂಟಲು ಸರಿ ಇಲ್ಲ ಅವರದ್ದು. ...ಯಾಕೆ ನಗ್ತೀರಿ? ತಾಳಮದ್ದಳೆಗೆ ಹೋದವರಿಗೆ ಗಂಟಲು ಹೇಗೆ ಕೆಟ್ತು ಅಂತಾನಾ? ಹೋದದ್ದಕ್ಕೇ ಕೆಡೂದು ಮಾರಾಯ್ರೆ! ಮತ್ತೆ ಮೊಣಕಾಲು ನೋವು. ಮತ್ತೆ ನಾಚಿಕೆ ಸ್ವಭಾವ... ಅಲ್ಲ, ಅದು ಸುಳ್ಳು. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಅಂಥ ಬಾಯಿ. ಇವರು ಇತಿಹಾಸ ಪಾಠ ಶುರು ಮಾಡಿದ್ರೆ ಪಕ್ಕದ ಕ್ಲಾಸಿನ ಮಕ್ಕಳು ಕಿಟಕಿಗೆ ಬಂದು ನಿಲ್ತಾರೆ. ಶಾಲೆ ಬಿಟ್ಟು ಇಪ್ಪತ್ತು ವರ್ಷ ಆದವರೂ ದಾರಿಲಿ ಸಿಕ್ಕಿದ್ರೆ ಆ ಪಾಠ ನೆನಪು ಮಾಡ್ತಾರೆ. ಅದು ನಿಜ, ಬರ್ಕಳಿ ಬೇಕಾದ್ರೆ.

ಟ್ಯಾಬಾ? ಅದು ಒಳಗೆ ಕಪಾಟಲ್ಲುಂಟು. ಶಾಲೆಗೆ ತಗಂಡು ಹೋದ್ರೆ ಬಿದ್ದು ಒಡೀತದೆ ಅಂತ ಒಂದು ದಿನಾನೂ ಹೊರಗೆ ಒಯ್ಲಿಲ್ಲ. ಹಾಂ, ಎಲ್ಲಾ ಪಾಠ ಮನೆಲೇ. ನೆಟ್‌ವರ್ಕು ಬರೂದು ಬಚ್ಚಲ ಒಲೆ ಹತ್ರ ಮಾತ್ರ. ಅಲ್ಲೇ ಮಣೆ ಹಾಕ್ಕಂಡು, ಒಂದು ಕೈಲಿ ಟ್ಯಾಬು, ಒಂದು ಕೈಲಿ ಒಲೆಗೆ ಸೌದೆ... ಅವರು ಹಾಗೇ ಕೂರ್ತಿದ್ರು, ನಾನು ನೋಡಿದೇನೆ.

ಆ ಒಂದು ಮಾರ್ಕಿನ ವಿಷಯ ಮಾತ್ರ ಕೇಳ್ಳೇಬೇಕು ನಿಮ್ಮ ಹತ್ರ. ಮೂವತ್ತೊಂದನೇ ಪ್ರಶ್ನೆ. ಮಗು ತಪ್ಪು ಉತ್ತರ ಒತ್ತಿದ್ರೆ ಟೀಚರು ಮೊದಲು ಎಂತ ಮಾಡ್ಬೇಕು ಅಂತ. ಸರಿ ಉತ್ತರ ತೋರಿಸ್ಬೇಕು ಅಂತ ನಿಮ್ಮ ಲೆಕ್ಕ. ಅದು ಹೇಗೆ ಸರಿ ಹೇಳಿ? ಯಾಕೆ ಅದನ್ನ ಒತ್ತಿದೆ ಮಗಾ ಅಂತ ಮೊದಲು ಕೇಳ್ಬೇಕಲ್ದಾ? ನಾನು ಮೂರು ಸಲ ಓದಿದೆ ಆ ಪ್ರಶ್ನೆನ... ಅಂದ್ರೆ ಅವರು ಓದಿ ಹೇಳಿದ್ರು. ಗಟ್ಟಿಯಾಗಿ. ಮೂರು ಸಲ.

ಪುನಃ ನಗ್ತೀರಲ್ಲ!

ಎಂತ ಆಯ್ತು ನಿಮ್ಮ ಟ್ಯಾಬಿಗೆ? ನಿಂತೇ ಹೋಯ್ತಾ? ಕೊಡಿ ಇಲ್ಲಿ. ಈ ಬದಿ ಗುಂಡಿ, ಮೇಲಿನ ಗುಂಡಿ, ಎರಡೂ ಒಟ್ಟಿಗೆ ಒತ್ತಿ ಹಿಡೀಬೇಕು. ಹತ್ತು ಎಣಿಸಿ. ಹಾಂ, ಬಂತು ನೋಡಿ. ಅಯ್ಯ, ಅದ್ರಲ್ಲೆಂತ ಉಂಟು, ದಿನಾ ನೋಡ್ತಾ ನೋಡ್ತಾ...

ಹೋ! ಹಪ್ಪಳದ ಪಾಠ! ಇದು ಕೊನೆ ಪಾಠಕ್ಕೆ ಮಾಡಿದ್ದು. ಸ್ವಂತ ಒಂದು ಪಾಠ ತಯಾರು ಮಾಡಿ ಕಳಿಸಿ ಅಂದಿದ್ರಿ ನೀವು. ನೋಡಿ, ಕರಿದ ಹಲಸಿನ ಹಪ್ಪಳ ಮುರಿದ್ರೆ ಎರಡು ತುಂಡು ಯಾವಾಗ್ಲೂ ಸಮ ಆಗೂದಿಲ್ಲ. "ಇದು ಅರ್ಧವಾ?" ಅಂತ ಕೇಳೂದು. ಮಕ್ಕಳು ಹೌದು ಅಂತ ಒತ್ತಿದ್ರೆ ಇನ್ನೊಂದು ಹಪ್ಪಳ ಬರ್ತದೆ, ಇದೂ ಅರ್ಧವಾ ಅಂತ. ಎರಡು ತುಂಡು ಆದ ಕೂಡ್ಲೆ ಅರ್ಧ ಆಗ್ಲಿಲ್ಲ, ಸಮ ಇರ್ಬೇಕು ಅಂತ ಅವಕ್ಕೇ ಹೊಳೀಬೇಕು. ಪಕ್ಕದ ಮನೆ ಮಂಜಿ ಅಜ್ಜಿಗೆ ತೋರಿಸಿದೆ. ಶಾಲೆ ಮೆಟ್ಲು ಹತ್ತಿದೋಳಲ್ಲ ಅವಳು. "ಅರ್ಧ ಎಲ್ಲಿಂದ ಬಂತೇ, ದೊಡ್ಡದು ನಿನ್ನ ಬದಿಗೇ ಇಟ್ಕಂಡಿದೀ!" ಅಂದ್ಲು. ಪಾಠ ಗೆದ್ತು ಅಂತ ನನಗೆ ಆಗ್ಲೇ ಗೊತ್ತಾಯ್ತು.

ಕೈಯಾ? ಯಾರ ಕೈ? ಓ... ಬಳೆ ಕಾಣ್ತಾ ಉಂಟಾ? ಅದು... ಹಪ್ಪಳ ಮುರಿಯೂಕೆ ನನ್ನ ಕರ್ದಿದ್ರು. ಇವರು ಮುರಿದ್ರೆ ಪುಡಿಪುಡಿ ಆಗ್ತದೆ. ಅಷ್ಟೇ.

ಗಂಟೆ ಎಷ್ಟು? ಹನ್ನೊಂದೂ ಮುಕ್ಕಾಲಾ! ನಿಮಗೆ ತಡ ಆಗ್ತದೆ ಮೇಡಂ. ಶನಿವಾರಕ್ಕೆ ಬೇರೆ ಯಾರನ್ನಾದ್ರೂ ಕರೀರಿ, ಎರಡನೇ ನಂಬರು ಬಂದವರು ಇದ್ದೇ ಇರ್ತಾರಲ್ಲ...

ಎಂತ ಪಟ್ಟಿ ತೋರಿಸ್ತಾ ಇದ್ದೀರಿ? ಇದು ಅವರ ಹೆಸರು. ಇದು ಪಾಠ ಮುಗಿಸಿದ ದಿನ... ಹೊತ್ತೂ ಬರ್ತದಾ ಇದ್ರಲ್ಲಿ? ಸೋಮವಾರ, ಬೆಳಿಗ್ಗೆ ಹನ್ನೊಂದೂ ಹತ್ತು. ಬುಧವಾರ ಹನ್ನೊಂದೂವರೆ. ಶುಕ್ರವಾರ ಎರಡು ಗಂಟೆ. ಆ ಹೊತ್ತಿಗೆ ಅವರು ಶಾಲೆಲಿ... ಟ್ಯಾಬು ಮನೆ ಬಿಟ್ಟು ಹೋಗ್ಲಿಲ್ಲ ಅಂತ ನಾನೇ ಹೇಳಿ ಆಯ್ತು ಅಲ್ದಾ?

ಥೋ, ನನ್ನ ಬಾಯಿಗೆ ಬೆಂಕಿ ಹಾಕ!

ಹೌದು. ನಾನೇ ಮಾಡಿದ್ದು. ಈಗ ಎಂತ ಆಯ್ತು? ಊರಲ್ಲಿ ಇಲ್ಲದ್ದಾ? ಗಂಡನ ತರಬೇತಿ ಹೆಂಡ್ತಿ ಮಾಡೂದು, ಅಪ್ಪನದ್ದು ಮಗಳು ಮಾಡೂದು. ಈ ಗಂಡಸರೇ ಹಾಗೆ. ಅವರಿಗೆ ಪುರುಸೊತ್ತಿಲ್ಲ, ಆಸಕ್ತಿ ಇಲ್ಲ, "ನೀನೇ ಒತ್ತು" ಅಂತಾರೆ, ನಾವು ಒತ್ತೂದು. ಅಲ್ದಾ?

ಅಲ್ದಾ ಮೇಡಂ?

ಹೆಸರು ಬರಿಯೂ ಆ ಪುಸ್ತಕ ಎಂತಕ್ಕೆ ತೆರೆದ್ರಿ? ಇಷ್ಟು ಹೊತ್ತು ನಗ್ತಾ ಇದ್ರಲ್ಲ. ಪೆನ್ನು ಎಂತಕ್ಕೆ ತೆಗೆದ್ರಿ? ...ಅವರ ಹೆಸರಿನ ಮುಂದೆ ಎಂತ ಬರೀತೀರಿ? ಆಸಕ್ತಿ ಇಲ್ಲ ಅಂತ ಬರೀತೀರಾ? ಬೇರೆಯವರ ಕೈಲಿ ಮಾಡಿಸಿದ್ರು ಅಂತ?

ನನ್ನನ್ನ ಬೈಯಿರಿ ಬೇಕಾದ್ರೆ.

...ಬರೀಬೇಡಿ ತಂಗಿ. ಕೈಮುಗೀತೆ. ಅವರದ್ದು ಎಂತದೂ ತಪ್ಪಿಲ್ಲ. ನಾನು ಈಗ ಹೇಳಿದ್ದೂ ಸುಳ್ಳು. ಆ ಪಟ್ಟಿಲೇ ಮೇಲೆ ನೋಡಿ. ಮೊದಲ ಮೂರು ಪಾಠ ಸಂಜೆ ಆರಕ್ಕೆ ಮುಗಿದಿದೆ ಅಲ್ದಾ? ಅದು ಅವರೇ ಮಾಡಿದ್ದು. ಹೆಬ್ಬೆರಳಲ್ಲಿ ಕುಟ್ಟಿ ಕುಟ್ಟಿ. ಹತ್ತಕ್ಕೆ ನಾಲ್ಕು, ಮತ್ತೆ ಐದು, ಮೂರನೇದಕ್ಕೆ ಆರು. ಆರು ಬಂತು ಅಂತ ಅಂಗಳದಲ್ಲಿ ಕುಣಿದ್ರು ಮಾರಾಯ್ರೆ, ಐವತ್ಮೂರು ವರ್ಷದ ಮನುಷ್ಯ!

ನಾಲ್ಕನೇ ಪಾಠ ಬಂದ ದಿನ ಅವರು ಶಾಲೆಗೆ ಹೋಗಿದ್ರು. ಅವರದ್ದು ಬಟನ್ ಫೋನು, ಮೆಸೇಜೆಲ್ಲ ನನ್ನ ಫೋನಿಗೇ ಬರೂದು. ಎಂತ ಉಂಟು ನೋಡ್ವ ಅಂತ ಟ್ಯಾಬ್ ತೆಗೆದೆ. ನಾನೂ ಟೀಚರ್ ಆಗೂಕೆ ಟಿಸಿಎಚ್ ಮಾಡಿದೋಳು ತಂಗಿ. ಕೆಲಸ ಸಿಗ್ಲಿಲ್ಲ, ಆಮೇಲೆ ಮದುವೆ, ಮಕ್ಕಳು, ಕೊಟ್ಟಿಗೆ ಕೆಲಸ... ಇಪ್ಪತ್ತಾರು ವರ್ಷ ಆದ್ಮೇಲೆ ಒಂದು ಪ್ರಶ್ನೆ ಬಂತು ನೋಡಿ, "ನಿಮ್ಮ ತರಗತಿಯಲ್ಲಿ ನೀವು ಏನು ಮಾಡುವಿರಿ?" ಅಂತ. ನಿಮ್ಮ ತರಗತಿ! ಅಡುಗೆಮನೆಲಿ ಒಲೆ ಮೇಲಿದ್ದ ಹಾಲು ಉಕ್ಕಿ ಹರೀತಾ ಇತ್ತು, ನಾನು ಏಳ್ಲಿಲ್ಲ.

ಸಂಜೆ ಬಂದು ಕೇಳಿದ್ರು, "ಹೊಸ ಪಾಠ ಬಂತೇನೆ?" ಅಂತ. ಬಂತು ಅಂದಿದ್ರೆ ಮುಗೀತಿತ್ತು. ಎಂತ ಹೇಳಿದೆ ಗೊತ್ತುಂಟಾ? ತರಬೇತಿ ಮೂರೇ ಪಾಠಕ್ಕೆ ಮುಗೀತಂತೆ, ಮೆಸೇಜು ಬಂದಿದೆ ಅಂದೆ. ನಂಬಿದ್ರು. "ಛೆ, ಈಗ ಸ್ವಲ್ಪ ತಲೆಗೆ ಹತ್ತಿತ್ತು" ಅಂದ್ರು ಪಾಪ. ಅವರಿಗೆ ಈ ಫಸ್ಟು, ಪರೀಕ್ಷೆ, ಹಪ್ಪಳ, ಒಂದೂ ಗೊತ್ತಿಲ್ಲ. ಸರ್ಟಿಫಿಕೇಟು ಪ್ರಿಂಟ್ ತೆಗೆಸಿ ಸೀರೆ ಅಡಿಗೆ ಇಟ್ಟಿದೇನೆ. ಇರೂದು ಅವರ ಹೆಸರೇ. ಆದ್ರೂ ದಿನಾ ಒಂದ್ಸಲ ತೆಗೆದು ನೋಡ್ತೆ. ಕಳ್ಳಿ ನಾನು. ಖುಷಿಲಿ ಕದ್ದೆ. ಆದ್ರೆ ಶನಿವಾರ ನೂರು ಜನರ ಎದುರು ಅವರು ತಲೆ ತಗ್ಗಿಸಿ ನಿಂತ್ಕಂಡ್ರೆ ನನ್ನ ಹತ್ರ ತಡ್ಕಳೂಕೆ ಆಗೂದಿಲ್ಲ.

ಯಾಕೆ ನನ್ನ ಮುಖ ಹಾಗೆ ನೋಡ್ತೀರಿ? ಪುಸ್ತಕ ನನ್ನ ಬದಿಗೆ ಎಂತಕ್ಕೆ ತಿರುಗಿಸಿದ್ರಿ? ಪೆನ್ನು ನನಗಾ? ...ಶನಿವಾರಕ್ಕೆ ನಾನಾ? ಮಾಸ್ತರ ಹೆಂಡ್ತಿ, ನೂರು ಮಾಸ್ತರಿಗೆ ಪಾಠ ಮಾಡೂದಾ? ಹೋಗಿ ಮಾರಾಯ್ರೆ, ತಮಾಷೆ ಮಾಡ್ಬೇಡಿ! ...ತಮಾಷೆ ಅಲ್ವಾ?

ತಡೀರಿ. ಬಸ್ಸು ನಿಂತ ಸದ್ದು. ಬಂದ್ರು. ನೀವು ಎಂತದೂ ಹೇಳ್ಬೇಡಿ, ನಾನೇ ಹೇಳ್ತೆ. ಹೇಳ್ಲೇಬೇಕು.

ಬಂದ್ರಾ? ಚೀಲ ಅಲ್ಲಿಡಿ, ಕೂತ್ಕಳಿ ಮೊದಲು. ಇವರು ಅಭಿಜ್ಞಾ ಮೇಡಂ, ಸಿದ್ದಾಪುರದಿಂದ ಬಂದಿದಾರೆ. ಹೌದು, ಆ ಟ್ಯಾಬಿನ ತರಬೇತಿಯವರೇ. ಅಲ್ಲ, ಅಲ್ಲ... ನಿಮ್ಮನ್ನ ಕೇಳ್ಕಂಡು ಬಂದದ್ದಲ್ಲ. ನನ್ನ ಕೇಳ್ಕಂಡು ಬಂದದ್ದು.