ಎಂಟು ವ್ಯಾಟಿನ ಸಾರಂಗಿ

ಡಾರ್ಮ್‌ಸ್ಟಾಟ್‌ನ ಟ್ರಾಮಿನಲ್ಲಿ ಕನ್ನಡ ಕಿವಿಗೆ ಬಿದ್ದಾಗ ಸ್ಮಿತಾ ಪುಸ್ತಕದಿಂದ ತಲೆಯೆತ್ತಿದಳು. ಎದುರಿಗೆ ಇಬ್ಬರು ಗೆಳೆಯರು, ಒಬ್ಬನ ತೊಡೆಯ ಮೇಲೆ ಭಾರದ ಪೆಟ್ಟಿಗೆ.

“ದೊಡ್ಡ ಆಂಪ್ಲಿಫೈಯರ್ ವಾಪಸ್ ಕೊಡ್ತಿದ್ದೀಯಾ ರೆಹಾನ್? ಮೊನ್ನೆ ನಾನೂ ಒಂದು ದೊಡ್ಡದೇ ತಂದೆನಲ್ಲೋ.”

“ಹೂಂ ಗಿರಿಧರ್. ಗಾಜಿನ ಟ್ಯೂಬಿನ ಚಿಕ್ಕದನ್ನೇ ಇಟ್ಕೊಂಡೆ.”

“ಅದು ಬರೀ ಎಂಟು ವ್ಯಾಟು. ಅಳೆದು ನೋಡಿದ್ಯಾ?”

“ಹಿನಾ ಅಳೆದಳು. ಎರಡರಲ್ಲೂ ಒಂದೇ ಸಾರಂಗಿ ರೆಕಾರ್ಡ್ ಹಾಕಿದೆ. ಅಡುಗೆಮನೆಯಲ್ಲಿದ್ದವಳಿಗೆ ಯಾವುದು ಯಾವುದಂತ ಹೇಳಿರಲಿಲ್ಲ. ದೊಡ್ಡದಕ್ಕೆ, ಸೌಂಡ್ ಕಮ್ಮಿ ಮಾಡಿ ಅಂದಳು. ಚಿಕ್ಕದು ಶುರುವಾದಾಗ, ಈರುಳ್ಳಿ ಹುರೀತಿದ್ದವಳು ಒಲೆ ಮೇಲೆ ಗುಂಯ್ ಅಂತಿದ್ದ ಹೊಗೆ ಫ್ಯಾನನ್ನೇ ಆರಿಸಿಬಿಟ್ಟಳು. ಮನೆಯೆಲ್ಲ ಹೊಗೆ.”

ಗಿರಿಧರ್ ಪೆಟ್ಟಿಗೆಯನ್ನೊಮ್ಮೆ ತಟ್ಟಿದ.

“ಎಂಥ ಕಿವಿ ಗುರು ನಿನ್ನ ಹೆಂಡ್ತೀದು.”

ಸ್ಟಾಪ್ ಬಂತು. ಇಬ್ಬರೂ ಪೆಟ್ಟಿಗೆ ಹಿಡಿದು ಇಳಿದರು.

“ಶನಿವಾರ ನನ್ನದನ್ನೂ ನಿಮ್ಮನೆಗೆ ತರ್ತೀನಿ, ವಾಪಸ್ ಕೊಡೋಕೆ ಇನ್ನೂ ಟೈಮಿದೆ. ಹಿನಾಗೆ ಮಾತ್ರ ಏನೂ ಹೇಳ್ಬೇಡ. ಈರುಳ್ಳಿ ನಾನೇ ತರ್ತೀನಿ.”