ಮನೆಗೆ ಕಾಗದ ಹೋಗಬಾರದು

ವೇದಿಕೆಯ ಮೇಲಿರುವ ಅಧಿಕಾರಿಗಳಿಗೆ, ಎದುರಿಗೆ ಕೂತಿರುವ ವಕೀಲ ಮಿತ್ರರಿಗೆ, ಮೊದಲ ಸಾಲಿನಲ್ಲಿರುವ ನಮ್ಮ ವಕೀಲಮ್ಮನವರ ಯಜಮಾನರಿಗೆ, ಅವರ ತಾಯಿಯವರಿಗೆ, ಮಗಳಿಗೆ — ಮತ್ತೆ ಅಲ್ಲಿ ಬಾಗಿಲ ಹತ್ತಿರ, ಕುರ್ಚಿ ಖಾಲಿ ಇದ್ದರೂ ಕೂರದೆ ನಿಂತಿದ್ದೀರಲ್ಲ, ನಿಮಗೆ — ಎಲ್ಲರಿಗೂ ನನ್ನ ನಮಸ್ಕಾರ.

ನಾನು ಭಾಷಣಗಾರನಲ್ಲ. ಯುವಜನರ ಉಚಿತ ಕಾನೂನು ಸಲಹಾ ಕೇಂದ್ರದ ಗುಮಾಸ್ತ. ಹತ್ತೊಂಬತ್ತು ವರ್ಷ ವಕೀಲಮ್ಮನವರ ಎದುರು ಮೇಜಿನಲ್ಲಿ ಕೂತು, ಅವರು ಹೇಳಿದ್ದನ್ನು ಟೈಪ್ ಮಾಡಿದವನು. ಎರಡು ಒಳ್ಳೆಯ ಮಾತಾಡಿ ಇಳಿದುಬಿಡಿ ಅಂತ ಕರೆದಿದ್ದಾರೆ. ಕ್ಷಮಿಸಬೇಕು — ಒಳ್ಳೆಯ ಮಾತನ್ನು ಈಗಾಗಲೇ ನಾಲ್ಕು ಜನ ಆಡಿದ್ದಾರೆ. ನನ್ನ ಹತ್ತಿರ ಇರುವುದು ಸಿಟ್ಟು.

ಯಾಕೆ ಸಿಟ್ಟು ಅಂತ ಮೊದಲೇ ಹೇಳಿಬಿಡುತ್ತೇನೆ. ಅವರು ತೀರಿಕೊಂಡು ಇವತ್ತಿಗೆ ಒಂಬತ್ತು ದಿನ. ಮೊನ್ನೆ ನನ್ನ ಮೇಜಿಗೆ ಒಂದು ಆದೇಶ ಬಂತು. ಕೇಂದ್ರದಲ್ಲಿ ಬಾಕಿ ಉಳಿದಿರುವ ಮೂವತ್ತೊಂದು ಸಲಹಾ ಪತ್ರಗಳನ್ನು ಅರ್ಜಿದಾರರ ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿ, ಕೊಠಡಿಯನ್ನು ತೆರವು ಮಾಡತಕ್ಕದ್ದು. ಎರಡೇ ಸಾಲು. ಕೇಳಿದರೆ ಏನೂ ತಪ್ಪಿಲ್ಲ ಅನಿಸುತ್ತೆ, ಅಲ್ಲವೇ? ಕಾಗದ ಅಂದಮೇಲೆ ಮನೆಗೇ ತಾನೇ ಹೋಗಬೇಕು. ಆ ಎರಡು ಸಾಲು ಏನು ಮಾಡುತ್ತೆ ಅಂತ ಹೇಳುವುದಕ್ಕೇ ನಾನು ಇಲ್ಲಿ ನಿಂತಿರುವುದು.

ನನಗಿಂತ ಮೊದಲು ಮಾತಾಡಿದವರು ಅವರನ್ನು ದಾರಿದೀಪ ಅಂದರು. ಸಂತೋಷ. ಆ ದಾರಿದೀಪದ ಕೊಠಡಿಯ ಟ್ಯೂಬ್‌ಲೈಟು ಬದಲಾಯಿಸಲು ಏಳು ತಿಂಗಳು ಹಿಡಿಯಿತು. ಕೊಠಡಿ ಎಲ್ಲಿದೆ ಗೊತ್ತಾ? ಇಲ್ಲಿ ಕೂತಿರುವ ಎಷ್ಟು ವಕೀಲರು ನೋಡಿದ್ದೀರಿ? ಕೈ ಎತ್ತಬೇಡಿ, ನನಗೇ ನಾಚಿಕೆಯಾಗುತ್ತೆ. ನ್ಯಾಯಾಲಯದ ಹಿಂದಿನ ಮೆಟ್ಟಿಲಿಳಿದು, ಹಳೆ ಕಡತಗಳ ಕೋಣೆ ದಾಟಿ, ನೀರಿನ ಪಂಪಿನ ಪಕ್ಕ. ಹೊರಗೆ ಬೋರ್ಡಿಲ್ಲ. ಹದಿನೇಳು ಹದಿನೆಂಟರ ಮಕ್ಕಳು ಅದನ್ನು ಹುಡುಕಬೇಕು. ಮೊದಲನೇ ಕಿಟಕಿಯಲ್ಲಿ ಕೇಳಿದರೆ, "ಏನು ವಿಷಯ?" ಎರಡನೇ ಕಿಟಕಿಯಲ್ಲಿ, "ಏನು ವಿಷಯ? ಜೋರಾಗಿ ಹೇಳು." ಮೂರನೆಯದರಲ್ಲಿ, "ಮನೇಲಿ ದೊಡ್ಡೋರಿಲ್ವಾ? ಕರ್ಕೊಂಡು ಬಾ." ದೊಡ್ಡವರ ಮೇಲೇ ದೂರು ಇರುವ ಮಗು ಯಾವ ದೊಡ್ಡವರನ್ನು ಕರೆದುಕೊಂಡು ಬರಬೇಕು ಸ್ವಾಮಿ? ಇದು ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ.

ಅದಕ್ಕೇ ಅವರು ದಿನಾ ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ಗೇಟಿನಲ್ಲಿ ನಿಲ್ಲುತ್ತಿದ್ದರು. ಕರಿ ಕೋಟು ಹಾಕಿಕೊಂಡು, ಬಸ್ಸಿನ ಕಂಡಕ್ಟರ್ ಥರ ಕೂಗುತ್ತಿದ್ದರು — "ಸಲಹೆ ಬೇಕಾದೋರು ಬನ್ನಿ. ದುಡ್ಡು ಬೇಡ, ಅಪ್ಪ ಅಮ್ಮನ ಸಹಿ ಬೇಡ. ಏನು ವಿಷಯ ಅಂತ ಇಲ್ಲಿ ಹೇಳ್ಬೇಡಿ. ನನ್ನ ಹಿಂದೆ ಬನ್ನಿ, ಸಾಕು." ಹಿರಿಯ ವಕೀಲರು ಮುಖ ಸಿಂಡರಿಸಿದರು. ವಕೀಲರ ಮಾನ ಹರಾಜು ಹಾಕ್ತಿದಾಳೆ ಅಂದರು. ಹುಡುಗರು ಮಾತ್ರ ಜೋರಮ್ಮ ಅಂತ ಹೆಸರಿಟ್ಟರು, ಆ ಹೆಸರು ಅವರಿಗೂ ಇಷ್ಟವಾಗಿತ್ತು. ಯಜಮಾನರು ಗಡಿಯಾರ ರಿಪೇರಿ ಮಾಡುವವರು. "ಊರಿನವರ ಗಡಿಯಾರವೆಲ್ಲ ಸರಿ ಮಾಡ್ದೆ ಗುಮಾಸ್ತರೇ, ನನ್ನ ಹೆಂಡ್ತಿ ಒಬ್ಬಳನ್ನ ಮಾತ್ರ ಟೈಮಿಗೆ ಮನೆಗೆ ಬರೋ ಹಾಗೆ ಮಾಡೋಕಾಗ್ಲಿಲ್ಲ" ಅನ್ನುತ್ತಿದ್ದರು. ನಗಿ ಸಾರ್, ಪರವಾಗಿಲ್ಲ. ಜೋರಮ್ಮ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಈಗ ನನ್ನ ವಿಷಯ. ಇದನ್ನು ಹತ್ತು ವರ್ಷದಿಂದ ಯಾರ ಮುಂದೆಯೂ ಹೇಳಿಲ್ಲ.

ಒಬ್ಬ ಹುಡುಗಿ ಬಂದಳು. ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಬಟ್ಟೆ ಅಂಗಡಿಯಲ್ಲಿ ಬಟ್ಟೆ ಮಡಚುವ ಕೆಲಸ. ಮಾತಾಡುವಾಗಲೂ ಮೇಜಿನ ಮೇಲಿದ್ದ ನನ್ನ ಕರ್ಚೀಫನ್ನು ಮಡಚುತ್ತಲೇ ಇದ್ದಳು — ಹೀಗೆ, ನಾಲ್ಕು ಮಡಿಕೆ, ಬಿಚ್ಚುವುದು, ಮತ್ತೆ ನಾಲ್ಕು. ಅಪ್ಪ ಅಮ್ಮ ಇಲ್ಲ, ಚಿಕ್ಕಪ್ಪನ ಮನೆ. ಅವಳ ಶಾಲೆಯ ಪ್ರಮಾಣಪತ್ರಗಳನ್ನೆಲ್ಲ ಚಿಕ್ಕಪ್ಪ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಅವಳಿಗೆ ನರ್ಸಿಂಗ್ ಓದುವ ಆಸೆ. ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಅದು ನನ್ನದಾ, ಅವರದಾ?"

"ನಿಂದೇ ಕಣೇ. ಅದರ ಮೇಲೆ ಯಾರ ಹೆಸರಿದೆ? ಅವರು ಕೊಡದಿದ್ರೆ ಬೇರೆ ಪ್ರತಿ ತೆಗೆಸೋಣ" ಅಂದರು ಜೋರಮ್ಮ. ಎಲ್ಲಿ ಅರ್ಜಿ ಹಾಕಬೇಕು, ಯಾರನ್ನು ಕೇಳಬೇಕು ಅಂತ ಮುಕ್ಕಾಲು ಪುಟದ ಸಲಹೆ ಬರೆಸಿದರು. ನಾನು ಚೊಕ್ಕವಾಗಿ, ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ. ಆಮೇಲೆ ನಿಯಮದ ಪ್ರಕಾರ ಕವರಿಗೆ ಹಾಕಿ, ಅರ್ಜಿಯಲ್ಲಿದ್ದ ಮನೆ ವಿಳಾಸ ಬರೆದು, ಅಂಚೆಗೆ ಕೊಟ್ಟೆ. ನನ್ನ ಕೈಬರಹ ಮುತ್ತು ಪೋಣಿಸಿದ ಹಾಗಿದೆ ಅಂತ ಕಚೇರಿಯಲ್ಲಿ ಎಲ್ಲರೂ ಹೊಗಳುತ್ತಾರೆ.

ಐದನೇ ದಿನ ಆ ಚಿಕ್ಕಪ್ಪ ಬಂದ. ಜಗಳಕ್ಕಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಆ ಕವರು. ಕುರ್ಚಿ ಎಳೆದುಕೊಂಡು ಕೂತು, ಕೈ ಮುಗಿದು ಹೇಳಿದ — "ಒಳ್ಳೆ ಟೈಮಿಗೆ ತಿಳಿಸಿದ್ರಿ ಸಾರ್. ಇಲ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಅವಳನ್ನ ಬೇರೆ ಊರಿಗೆ ಕಳಿಸಿಬಿಟ್ವಿ. ಆ ಸರ್ಟಿಫಿಕೇಟು ಎಲ್ಲ ಒಲೆಗೆ ಹಾಕಾಯ್ತು. ಇನ್ನು ನಿಮಗೂ ತೊಂದ್ರೆ ಇಲ್ಲ." ಅವನು ಬೈಯಲಿಲ್ಲ — ನನಗೆ ಥ್ಯಾಂಕ್ಸ್ ಹೇಳಿ ಹೋದ.

ಜೋರಮ್ಮ ಆ ಹುಡುಗಿಗಾಗಿ ಎರಡು ವರ್ಷ ಅಲೆದರು. ಬಟ್ಟೆ ಅಂಗಡಿಗೆ ಹೋದರು, ಪೊಲೀಸರ ಹತ್ತಿರ ಹೋದರು, ಆ ಮನೆಯ ಬಾಗಿಲಿಗೂ ಹೋದರು. ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಅದಕ್ಕೂ ಮೊದಲಿನ ಒಂಬತ್ತು ವರ್ಷ ನಾನು ಯಾವ ಯಾವ ಮನೆಗೆ ಏನೇನು ಕಳಿಸಿದ್ದೆನೋ, ಆ ದೇವರೇ ಬಲ್ಲ. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಚಿಕ್ಕಪ್ಪ ಬಂದುಹೋದ ಮರುದಿನವೇ ಎಲ್ಲಿಂದಲೋ ಗೂಡು ಗೂಡಾಗಿದ್ದ ಒಂದು ಹಳೆ ಚಪ್ಪಲಿ ಸ್ಟ್ಯಾಂಡು ಹೊರಿಸಿಕೊಂಡು ಬಂದು, ಗೂಡಿಗೊಂದು ನಂಬರು ಬರೆದರು. "ಗುಮಾಸ್ತರೇ, ಇವತ್ತಿಂದ ಮನೆಗೆ ಕಾಗದ ಹೋಗಬಾರದು. ನಂಬರು ಅವರ ತಲೇಲಿರ್ಲಿ, ಕಾಗದ ನಮ್ಮ ಗೂಡಲ್ಲಿರ್ಲಿ. ಬಂದಾಗ ಕೈಗೆ ಕೊಡೋಣ." ಮಕ್ಕಳು ಬಂದು ನಂಬರು ಹೇಳುತ್ತಿದ್ದರು, ಅಲ್ಲೇ ಕೂತು ಓದುತ್ತಿದ್ದರು. ಧೈರ್ಯ ಇದ್ದವರು ಒಯ್ಯುತ್ತಿದ್ದರು, ಹೆದರಿದವರು ಮತ್ತೆ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಹತ್ತು ವರ್ಷದಲ್ಲಿ ಒಂದು ಕಾಗದವೂ ತಪ್ಪು ಕೈಗೆ ಬೀಳಲಿಲ್ಲ. ಮೇಲಿನವರು ನಕ್ಕರು, ಕಾನೂನು ಚಪ್ಪಲಿ ಸ್ಟ್ಯಾಂಡಿಗೆ ಬಂತು ಅಂದರು.

ಆ ಗೂಡುಗಳಲ್ಲಿದ್ದವೇ ಈ ಮೂವತ್ತೊಂದು 'ಬಾಕಿ ಪತ್ರಗಳು'. ಯಾವುದರಲ್ಲಿ ಏನಿದೆ ಅಂತ ನಾನು ಹೇಳುವುದಿಲ್ಲ, ಹೇಳುವ ಹಕ್ಕು ನನಗಿಲ್ಲ. ಆ ಮನೆಗಳಲ್ಲಿ ಅಂಚೆಯವನಿಗೆ ಬಾಗಿಲು ತೆಗೆಯುವವರು ಅದನ್ನು ಓದಬಾರದು, ಅಷ್ಟೇ.

ಆದೇಶಕ್ಕೆ ಸಹಿ ಹಾಕಿದ, ಈಗ ವೇದಿಕೆಯ ಮೇಲೇ ಕೂತಿರುವ ಸಾಹೇಬರ ಕೋಣೆಗೆ ಹೋಗಿ ಹೇಳಿದೆ. "ಮನೆಗೆ ಕಳಿಸಬಾರದು ಅನ್ನೋ ನಿಯಮ ಯಾವ ಕಡತದಲ್ಲಿದೆ, ತೋರಿಸಿ" ಅಂದರು. ಯಾವ ಕಡತದಲ್ಲೂ ಇಲ್ಲ. ಇಲ್ಲಿ ನನಗೆ ಜೋರಮ್ಮನ ಮೇಲೂ ಸಿಟ್ಟಿದೆ — ಅಮ್ಮ, ನೀವು ಬೇಜಾರು ಮಾಡ್ಕೋಬೇಡಿ, ನಿಮ್ಮ ಮಗಳ ಮೇಲಿನ ಸಿಟ್ಟನ್ನು ನಿಮ್ಮೆದುರಿಗೇ ಹೇಳುತ್ತಿದ್ದೇನೆ. ಇದನ್ನು ಬರೆದಿಡಿ ಮೇಡಂ ಅಂತ ಎಷ್ಟು ಸಲ ಬಡಿದುಕೊಂಡೆ. "ಬರೆದ್ರೆ ಮೇಲಿನವರ ಒಪ್ಪಿಗೆ ಕೇಳ್ಬೇಕು. ಕೇಳಿದ್ರೆ ಬೇಡ ಅಂತಾರೆ. ಕೇಳದೆ ನಡೀತಿದೆಯಲ್ಲ, ನಡೀಲಿ ಬಿಡಿ." ಬಾಯಿ ಮಾತು ನಂಬಬೇಡ, ಏನಿದ್ದರೂ ಬರವಣಿಗೆಯಲ್ಲಿ ತಗೋ ಅಂತ ಲೋಕಕ್ಕೆಲ್ಲ ಬುದ್ಧಿ ಹೇಳಿದ ವಕೀಲರು, ತಮ್ಮ ಒಂದೇ ಒಂದು ನಿಯಮವನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿಬಿಟ್ಟರು. ಮೈ ಕೆಂಡವಾಗಿ ಸುಡುತ್ತಿದ್ದಾಗಲೂ ಆಸ್ಪತ್ರೆಗೆ ಹೋಗಲಿಲ್ಲ, ಗೇಟಿಗೆ ಹೋದರು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ಇವರು ತಮಗೇ ಮಾರಿ.

ನಿನ್ನೆ ನಾನು ಏನು ಮಾಡಿದೆ ಗೊತ್ತಾ? ಆದೇಶ ಪಾಲಿಸಿದೆ. ಮೂವತ್ತೊಂದು ಕವರು, ಮೂವತ್ತೊಂದು ವಿಳಾಸ, ಅದೇ ಮುತ್ತಿನಂಥ ಕೈಬರಹ. ನಿವೃತ್ತಿಗೆ ಇನ್ನು ಎಂಟು ತಿಂಗಳು, ಬಾಯಿ ಮುಚ್ಕೊಂಡಿರಿ ಅಂದಿದ್ದಳು ಮನೆಯವಳು. ಅಂಚೆ ಚೀಲಕ್ಕೆ ಹಾಕಿ ಮನೆಗೆ ಹೋದೆ. ರಾತ್ರಿಯೆಲ್ಲ ಒಂದೇ ಲೆಕ್ಕ ಹಾಕುತ್ತಿದ್ದೆ. ಒಬ್ಬಳನ್ನು ಹಾಳು ಮಾಡಿದ್ದು ಗೊತ್ತಿಲ್ಲದೆ. ಈ ಮೂವತ್ತೊಂದು ಜನರನ್ನು ಹಾಳು ಮಾಡಲು ಹೊರಟದ್ದು ಗೊತ್ತಿದ್ದೂ ಗೊತ್ತಿದ್ದೂ.

ಇವತ್ತು ಬೆಳಗ್ಗೆ, ಅಂಚೆಯವನು ಬರುವುದಕ್ಕೆ ಮೊದಲು, ಆ ಚೀಲದಿಂದ ಅಷ್ಟನ್ನೂ ತೆಗೆದೆ. ವಿಳಾಸ ಬರೆದ ಕವರುಗಳನ್ನು ಹರಿದು ಚೂರು ಮಾಡಿದೆ. ಹೊಸ ಕವರಿಗೆ ಹಾಕಿ ಬರೀ ನಂಬರು ಬರೆದೆ. ಇಲ್ಲಿವೆ — ಈ ಮೇಜಿನ ಮೇಲೆ, ಸಾಲಾಗಿ. ಸಾಹೇಬರೇ, ದಯವಿಟ್ಟು ಕೂತಿರಿ, ಇನ್ನೆರಡೇ ಮಾತು. ಕಚೇರಿಯ ಅಂಚೆ ಕದ್ದರೆ ಯಾವ ಕಲಂ ಹಾಕಬೇಕು ಅಂತ ಇಲ್ಲಿರುವ ವಕೀಲರಿಗೆಲ್ಲ ಗೊತ್ತು. ನಾಳೆ ಹಾಕಿ. ನನಗೂ ಉಚಿತ ಸಲಹೆ ಬೇಕಾದೀತು, ಆದರೆ ನಮ್ಮ ಕೇಂದ್ರಕ್ಕೆ ನನ್ನ ವಯಸ್ಸು ಮೀರಿದೆ.

ಬಾಗಿಲ ಹತ್ತಿರ ನಿಂತಿರುವವರೇ — ನೀವು ಅವರಿಗಾಗಿ ಬಂದಿದ್ದೀರಿ, ನಿಮ್ಮ ಕಾಗದದ ಗತಿ ಏನಾಯಿತೋ ಅನ್ನುವ ಭಯಕ್ಕೂ ಬಂದಿದ್ದೀರಿ. ಅದರಲ್ಲಿ ತಪ್ಪೇನಿಲ್ಲ. ಯಾರ ಹೆಸರನ್ನೂ ಕರೆಯುವುದಿಲ್ಲ, ನಂಬರನ್ನೂ ಕೂಗುವುದಿಲ್ಲ. ನಿಮ್ಮ ನಂಬರಿನ ಕವರನ್ನು ನೀವೇ ಬಂದು ತಗೊಳ್ಳಿ. ಇವತ್ತು ಬರಲಾಗದವರ ಕಾಗದ ನನ್ನ ಹತ್ತಿರವೇ ಇರುತ್ತೆ, ನೌಕರಿ ಇದ್ದರೂ, ಹೋದರೂ.

ಉಳಿದ ಹಿರಿಯರಲ್ಲಿ ಒಂದು ಪ್ರಾರ್ಥನೆ. ಇಂಥ ಸಭೆಯಲ್ಲಿ ಒಂದು ನಿಮಿಷ ಮೌನವಾಗಿ ನಿಲ್ಲುತ್ತೇವೆ. ಇವತ್ತು ಐದು ನಿಮಿಷ ಕೊಡಿ. ಎಲ್ಲರೂ ಎದ್ದು ನಿಲ್ಲಿ — ಸಾಹೇಬರೂ. ತಲೆ ತಗ್ಗಿಸಿ, ಕಣ್ಣು ಮುಚ್ಚಿ. ಹೆಜ್ಜೆ ಸಪ್ಪಳ ಕೇಳಿಸುತ್ತೆ, ಮೇಜಿನ ಮೇಲೆ ಕಾಗದ ಸರಿದದ್ದು ಕೇಳಿಸುತ್ತೆ. ತಲೆ ಎತ್ತಬೇಡಿ. ಹಾದುಹೋಗುವವರು ನಿಮ್ಮ ಮನೆಯ ಮಕ್ಕಳೇ ಇರಬಹುದು. ಆಗಲೂ ನೋಡಬೇಡಿ.

ಏಳಿ. ಕಣ್ಣು ಮುಚ್ಚಿ. — ನಾನೂ ಮುಚ್ಚಿದ್ದೇನೆ.