ಎರಡು ಸಲ ತಿಂದ ಕುದುರೆ

ಪಶು ಆಸ್ಪತ್ರೆಯ ಬೆಂಚಿನಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ಟೈಪಿಸ್ಟಳಿಗೆ ಪಕ್ಕದ ಅತ್ತಿಗೆ-ಮೈದುನರ ಮಾತು ಕೇಳಿಸಿಕೊಳ್ಳುವುದು ತಪ್ಪೆನಿಸಿತು. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಅಂಗಳದ ಕಂಬಕ್ಕೆ ಕಟ್ಟಿದ್ದ ಅವರ ಕುದುರೆ ಹೊಟ್ಟೆನೋವಿಗೆ ನೆಲ ಕೆರೆಯುತ್ತಿತ್ತು.

"ಬೆಳಿಗ್ಗೆ ಕಾಳು ಹಾಕಿದ್ದು ನೀವಾ, ಅತ್ತಿಗೆ?"

"ಮತ್ತೆ? ನೀನು ಮುಖ ಊದಿಸ್ಕೊಂಡು ಮಲಗಿದ್ದೆ."

"ನಾನೂ ಹಾಕ್ದೆ. ಬಕೆಟ್ ಖಾಲಿ ಇತ್ತು, ನೀವು ಮರೆತ್ರಿ ಅಂದ್ಕೊಂಡೆ."

"ಅದು ತಿಂದಿದ್ದಕ್ಕೆ ಖಾಲಿ ಕಣೋ! ಕೇಳೋಕೆ ಬಾಯಿಗೆ ಬೀಗ ಬಿದ್ದಿತ್ತಾ?"

"ನನ್ನ ಮಾತಾಡಿಸ್ಬೇಡ ಅಂದೋರು ಯಾರು?"

ಅತ್ತಿಗೆ ಸೆರಗು ಹಿಂಡಿದಳು. "ಹೋಗ್ಲಿ, ನಿನ್ನೆ ಓಡಾಡಿಸಿದ್ಯಾ?"

"ನೀವು ಓಡಾಡಿಸಿರ್ತೀರಿ ಅಂತ..."

"ಅಯ್ಯೋ! ನೀನು ಓಡಾಡಿಸಿರ್ತೀಯ ಅಂತ ನಾನು!"

ಡಾಕ್ಟರು ಅಂಗಳದಿಂದ ಬಂದರು. "ಇಂಜೆಕ್ಷನ್ ಕೊಟ್ಟಿದ್ದೀನಿ. ಮಲಗಿ ಹೊರಳಿದ್ರೆ ಕರುಳು ತಿರುಚ್ಕೊಳ್ಳುತ್ತೆ, ಆಮೇಲೆ ಉಳಿಯೋದು ಕಷ್ಟ. ಇಬ್ಬರೂ ಸೇರಿ ಮೆಲ್ಲಗೆ ನಡೆಸ್ತಾನೇ ಇರಿ."

ಅಷ್ಟರಲ್ಲಿ ಕುದುರೆ ಮುಂಗಾಲು ಮಡಚಿತು. ಇಬ್ಬರೂ ಅಂಗಳಕ್ಕೆ ಓಡಿದರು.

"ಮಲಗ್ತಿದೆ, ಅತ್ತಿಗೆ!"

"ಹಗ್ಗ ನಾನು ಹಿಡೀತೀನಿ, ನೀನು ಹಿಂದಿಂದ ಎಬ್ಬಿಸು!"

"ಎದ್ತು! ಎಳೀರಿ!"

"ಎಳೀತಿದ್ದೀನಿ. ನೀನು ಮಾತಾಡ್ತಾನೇ ಇರು!"

ಅವರ ಕೂಗು ಕಟ್ಟಡದ ಹಿಂದಕ್ಕೆ ಸರಿಯಿತು. ಡಾಕ್ಟರು ಕರೆದರೂ ಟೈಪಿಸ್ಟಳು ಏಳದೆ, ಗೊರಸಿನ ಸದ್ದು ಎಲ್ಲಿ ನಿಂತೀತೋ ಎಂದು ಕಿವಿಗೊಟ್ಟು ಕೂತಳು.